ಮಾವನ ಕತ್ತಿಯ ಹಿಡಿ ನನ್ನ ಕೈಗೆ ದಪ್ಪ. ಕೆತ್ತಿ ಸಣ್ಣ ಮಾಡಬಹುದಾ?

ಸೊಪ್ಪಿನಬೆಟ್ಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ನಾಲ್ಕು ದನ. ಮರಗೆಲಸ ಬಲ್ಲವರು ಇಲ್ಲಿದ್ದೀರಿ ಅಂತ ನೋಡಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಪೂರ್ತಿ ಹೇಳದೆ ಸಲಹೆ ಕೇಳುವುದು ಸರಿಯಲ್ಲ, ಅಲ್ವಾ?

ನಮ್ಮ ಮಾವ ತೀರಿಕೊಂಡು ಒಂದೂವರೆ ವರ್ಷ ಆಯಿತು. ಅವರ ಕತ್ತಿ ಜಗುಲಿಯ ಗೋಡೆಯಲ್ಲಿ ನೇತಾಡಿಕೊಂಡು ಹಾಗೇ ಇತ್ತು. ಯಜಮಾನರಿಗೆ ಅವರದೇ ಕತ್ತಿ ಇದೆ. ಆದರೆ ಸೊಪ್ಪು ಕಡಿಯುವುದು, ಬಾಳೆ ಕಡಿಯುವುದು, ಬೇಲಿ ಸವರುವುದು ಎಲ್ಲ ಜಾಸ್ತಿ ನಾನೇ. ಅಂಗಡಿಯಿಂದ ತಂದಿದ್ದ ನನ್ನ ಕತ್ತಿಯನ್ನು ವಾರಕ್ಕೆ ಎರಡು ಸಲ ಮಸೆಯಬೇಕಿತ್ತು. ಆರು ತಿಂಗಳ ಹಿಂದೆ ಮಾವನ ಕತ್ತಿಯನ್ನು ಕೆಳಗಿಳಿಸಿದೆ.

ಅದರ ಅಲಗಿನ ಬಗ್ಗೆ ಎಷ್ಟು ಹೇಳಿದರೂ ಸಾಲದು. ಲಾರಿಯ ಕಮಾನ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ್ದು. ಹತ್ತು ಇಂಚು ಉದ್ದ, ಮೂತಿ ಒಳಕ್ಕೆ ಬಾಗಿದೆ. ಬಾಳೆ ದಿಂಡಿಗೆ ಬೀಸಿದರೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ಒಂದು ಸಲ ಮಸೆದರೆ ಹದಿನೈದು ದಿನ ನೋಡಬೇಕಿಲ್ಲ.

ತೊಂದರೆ ಇರುವುದು ಹಿಡಿಯದ್ದು. ಬೀಟೆ ಮರದ್ದು. ಗುಂಡಗೆ, ದಪ್ಪಗೆ ಇದೆ. ಮಾವನ ಅಂಗೈ ಅಗಲ, ಬೆರಳು ಉದ್ದ. ಅವರ ಕೈಗೆ ಸರಿಯಾಗಿ ಮಾಡಿಸಿಕೊಂಡಿದ್ದರು. ನನ್ನ ಕೈ ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ 16 ಸೆಂ.ಮೀ. ಕೂಡ ಬರುವುದಿಲ್ಲ. ನೂಲು ಸುತ್ತಿ ಅಳೆದೆ. ಹಿಡಿಯ ಸುತ್ತಳತೆ 13 ಸೆಂ.ಮೀ. ನಾನು ಮುಷ್ಟಿ ಹಿಡಿದರೆ ನಡುಬೆರಳ ತುದಿಗೂ ಹೆಬ್ಬೆರಳ ಬುಡಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗ ಖಾಲಿ. ಕೈ ಸುತ್ತು ಬರುವುದಿಲ್ಲ ಅಂತ ಗಟ್ಟಿಯಾಗಿ ಅದುಮಿ ಹಿಡಿಯುತ್ತೇನೆ. ಸಂಜೆ ಹಾಲು ಕರೆಯಲು ಕೂತರೆ ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ಸೆಳೆತ. ಬೆರಳು ಮಡಚಲು ಆಗುವುದಿಲ್ಲ. ಹಸುವಿಗೂ ಗೊತ್ತಾಗುತ್ತದೆ, ಕಾಲು ಎತ್ತುತ್ತದೆ.

ಹೋದ ತಿಂಗಳು ಗೊನೆ ಕೊಯ್ದ ಬಾಳೆ ಕಡಿಯುವಾಗ ಹಿಡಿ ಕೈಯಲ್ಲೇ ತಿರುಗಿಬಿಟ್ಟಿತು. ಅಲಗಿನ ಹರಿತ ಬಾಯಿ ಬೀಳುವ ಬದಲು ಅದರ ಪಕ್ಕ ದಿಂಡಿಗೆ ಬಡಿದು ಜಾರಿತು. ನನ್ನ ಬಲಗಾಲಿನ ಪಕ್ಕದ ಕಲ್ಲಿಗೆ ಹೊಡೆಯಿತು. ಹೆಬ್ಬೆರಳಿಗೂ ಕಲ್ಲಿಗೂ ಒಂದು ಬೆರಳಿನ ಅಂತರ. ಕತ್ತಿಯ ಬಾಯಲ್ಲಿ ರಾಗಿ ಕಾಳಿನಷ್ಟು ಹಲ್ಲು ಬಿದ್ದಿದೆ. ಅವತ್ತಿನಿಂದ ಅದನ್ನು ಮುಟ್ಟಿಲ್ಲ.

ಹಿಡಿ ಕೆತ್ತಿ ಸಣ್ಣ ಮಾಡಬೇಕು ಅಂತ ಆಸೆ. ಆದರೆ ಮೂರು ಅನುಮಾನ. ಕೆತ್ತಿದರೆ ಒಳಗಿನ ಕಬ್ಬಿಣ ಕಂಡುಬಿಡುತ್ತದಾ? ಹಿಡಿಯ ಬಾಯಲ್ಲಿ ಕಬ್ಬಿಣದ ಬಳೆ ಇದೆ, ಅದು ಸಡಿಲ ಆಗುತ್ತದಾ?

ಮೂರನೆಯದೇ ನನಗೆ ದೊಡ್ಡದು. ಬಳೆಯಿಂದ ಮೂರು ಬೆರಳು ಹಿಂದೆ, ಎಡಗಡೆ ಮೈಯಲ್ಲಿ ಒಂದು ತಗ್ಗು ಇದೆ. ಮಾವನ ಹೆಬ್ಬೆರಳು ಕೂರುತ್ತಿದ್ದ ಜಾಗ. ಮೊದಲು ಆಚಾರಿ ಸ್ವಲ್ಪ ಕೆತ್ತಿರಬೇಕು. ಆಮೇಲೆ ಮೂವತ್ತು ವರ್ಷ ಅವರ ಬೆರಳೇ ಸವೆಸಿದ್ದು. ಅಲ್ಲಿ ಮರ ಕಪ್ಪಗೆ, ನುಣ್ಣಗೆ, ಹುಣಸೆ ಬೀಜದ ಹಾಗೆ ಮಿಂಚುತ್ತದೆ. ಅದು ಹೋಗಬಾರದು. ಮದುವೆಯಾಗಿ ಬಂದಾಗ ನನಗೆ ಕತ್ತಿ ಹಿಡಿಯಲು ಬರುತ್ತಿರಲಿಲ್ಲ. ಕಲಿಸಿದ್ದು ಅವರೇ.

ಏನು ಮಾಡಲಿ?


ಹಳೇಮನೆ:

ಅಕ್ಕ, ದಯವಿಟ್ಟು ಅದನ್ನು ಮುಟ್ಟಬೇಡಿ. ನಮ್ಮ ಅಜ್ಜನ ಕತ್ತಿ ನಮ್ಮಲ್ಲೂ ಇದೆ, ಹಾಗೇ ಇಟ್ಟಿದ್ದೇವೆ. ಒಂದು ಸಲ ಕೆತ್ತಿದರೆ ವಾಪಸು ಬರುವುದಿಲ್ಲ. ಹಳೇ ಹಿಡಿ ಬಿಚ್ಚಿಸಿ ಜೋಪಾನವಾಗಿಡಿ. ನಿಮ್ಮ ಕೈ ಅಳತೆಗೆ ಹೊಸ ಹಿಡಿ ಹಾಕಿಸಿ. ಅಲಗೂ ಉಳಿಯುತ್ತದೆ, ನೆನಪೂ ಉಳಿಯುತ್ತದೆ.


ಸೊಪ್ಪಿನಬೆಟ್ಟ:

ಹಳೇಮನೆ ಅವರೇ, ನಮ್ಮ ಯಜಮಾನರೂ ಇದೇ ಮಾತು ಹೇಳಿದರು. ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಬಿಚ್ಚಿದ ಹಿಡಿಯನ್ನು ಎಲ್ಲಿಡಲಿ? ಕಪಾಟಿನಲ್ಲಿ ಇಟ್ಟರೆ ಒಂದು ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ. ಮಾವ ಯಾವ ಸಾಮಾನನ್ನೂ ಸುಮ್ನೆ ಇಟ್ಟವರಲ್ಲ. ಪಿಕಾಸಿಯ ಕಾವು ಮುರಿದರೆ ಅದನ್ನೇ ಕೆತ್ತಿ ಗುದ್ದಲಿಗೆ ಹಾಕುತ್ತಿದ್ದರು. ಅದು ಕೆಲಸ ಮಾಡಿಕೊಂಡೇ ನನ್ನ ಕೈಯಲ್ಲಿ ಇರಲಿ ಅಂತ ನನ್ನ ಆಸೆ.


ಉಳಿಬಾಚಿ:

ಅಮ್ಮಾ, ನಾನು ಶಿರಸಿ ಕಡೆ ಮರಗೆಲಸ ಮಾಡುವವನು. ಅಪ್ಪನ ಜೊತೆ ಶುರು ಮಾಡಿದ್ದು, ಈಗ 34 ವರ್ಷ. ಕಿಟಕಿ ಬಾಗಿಲು ಹೊಟ್ಟೆಪಾಡು. ಹಿಡಿ, ಕಾವು ಮಾಡುವುದು ಮನಸ್ಸಿಗೆ ಇಷ್ಟದ ಕೆಲಸ.

ಖಂಡಿತ ಕೆತ್ತಬಹುದು. ಹಳೇಮನೆ ಅವರು ಹೇಳಿದ ಹಾಗೆ ಬಿಚ್ಚಲು ಹೋಗಬೇಡಿ. ನಮ್ಮ ಕಡೆ ಹಳೇ ಕತ್ತಿಗಳ ಬಾಲವನ್ನು, ಅಂದರೆ ಅಲಗಿನ ಹಿಂದೆ ಚಾಚಿರುವ ಕಬ್ಬಿಣದ ತುಂಡನ್ನು, ಹಿಡಿಯೊಳಗೆ ಅರಗು ಹಾಕಿ ಕೂರಿಸುತ್ತಿದ್ದರು. ಕೆಲವರು ಬಾಲವನ್ನೇ ಕೆಂಪಗೆ ಕಾಯಿಸಿ ಮರದೊಳಗೆ ಸುಟ್ಟು ಇಳಿಸುತ್ತಿದ್ದರು. ಎರಡರಲ್ಲಿ ಯಾವುದಾದರೂ ಸರಿ, ಮೂವತ್ತು ವರ್ಷ ಒಣಗಿದ ಮರ ಎಳೆದರೆ ಸೀಳುತ್ತದೆ. ಆಗ ನೆನಪೂ ಇಲ್ಲ, ಹಿಡಿಯೂ ಇಲ್ಲ.

ಕೆತ್ತುವ ಮೊದಲು ಬಾಲ ಎಲ್ಲಿವರೆಗೆ ಇದೆ ಅಂತ ತಿಳಿಯಬೇಕು. ಹಿಡಿಯ ಹಿಂದಿನ ತುದಿ ನೋಡಿ. ಅಲ್ಲಿ ಕಬ್ಬಿಣದ ತುದಿ ಮಡಚಿದ್ದು ಕಂಡರೆ ಬಾಲ ಪೂರ್ತಿ ಹಾದುಹೋಗಿದೆ. ಕಾಣದಿದ್ದರೆ ಒಂದು ಸಣ್ಣ ಮ್ಯಾಗ್ನೆಟ್ ಹುಡುಕಿ. ಹಳೇ ಇಯರ್‌ಫೋನ್ ಒಡೆದರೆ ಸಿಗುವುದು ತೀರಾ ಚಿಕ್ಕದಾಯಿತು. ಸ್ಪೀಕರಿನದ್ದೋ, ಪರ್ಸಿನ ಗುಂಡಿಯದ್ದೋ ಆಗಬಹುದು. ಅದನ್ನು ನೂಲಿಗೆ ಕಟ್ಟಿ ಇಳಿಬಿಡಿ. ಕತ್ತಿಯನ್ನು ಅಡ್ಡ ಹಿಡಿದು, ಹಿಡಿಯನ್ನು ಮ್ಯಾಗ್ನೆಟ್ ಪಕ್ಕದಲ್ಲಿ ನಿಧಾನ ಸರಿಸಿ. ಕಬ್ಬಿಣ ಇರುವವರೆಗೆ ಮ್ಯಾಗ್ನೆಟ್ ಹಿಡಿಯ ಕಡೆ ವಾಲುತ್ತದೆ. ಎಲ್ಲಿ ವಾಲುವುದು ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ ಗೆರೆ ಹಾಕಿ. ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಮಾಡಿ. ಯಾವ ಕಡೆ ಜಾಸ್ತಿ ವಾಲುತ್ತದೋ ಬಾಲ ಆ ಕಡೆಗೆ ಸರಿದಿದೆ ಅಂತ ಅರ್ಥ.

ಎರಡನೆಯದು, ನಿಮ್ಮ ಕೈಗೆ ಎಷ್ಟು ದಪ್ಪ ಬೇಕು? ಲೆಕ್ಕ ಹಾಕಿ ಕೂರಬೇಡಿ, ಕೈಯನ್ನೇ ಕೇಳಿ. ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ನೇರವಾದ ಕೋಲು ಬೇಲಿಯಲ್ಲಿ ಇರುತ್ತದಲ್ಲ, ಬೇರೆ ಬೇರೆ ದಪ್ಪದ್ದು ಮೂರು ನಾಲ್ಕು ಕಡಿದು ತನ್ನಿ. ಸಿಪ್ಪೆ ತೆಗೆದು ಒಂದೊಂದನ್ನೂ ಬೀಸಿ ನೋಡಿ. ಬೆರಳ ತುದಿ ಅಂಗೈಗೆ ಚುಚ್ಚಿದರೆ ತೀರಾ ಸಣ್ಣ. ನಡುಬೆರಳು ಹೆಬ್ಬೆರಳ ಬುಡದ ಹತ್ತಿರ ಬಂದು, ಒಂದು ಕಿರುಬೆರಳು ತೂರುವಷ್ಟು ಜಾಗ ಉಳಿದರೆ ಸರಿ. ಆ ಕೋಲಿಗೆ ನೂಲು ಸುತ್ತಿ ಅಳತೆ ತೆಗೆದುಕೊಳ್ಳಿ. ಅದನ್ನು ಬರೆಯಿರಿ, ಮುಂದಿನದು ಹೇಳುತ್ತೇನೆ. ಆ ತಗ್ಗಿನ ಆಳವನ್ನೂ ಅಳೆಯಿರಿ. ತಗ್ಗಿನ ಮೇಲೆ ಸ್ಕೇಲ್ ಅಡ್ಡ ಇಟ್ಟು ಒಂದು ಕಡ್ಡಿ ಇಳಿಸಿದರೆ ಸಾಕು.

ಅಲ್ಲಿವರೆಗೆ ಆ ಕತ್ತಿ ಬಳಸಬೇಡಿ. ಗುಂಡಗಿನ ಹಿಡಿ ತಿರುಗುವುದು ನಿಮ್ಮ ತಪ್ಪಲ್ಲ.


ಒಗ್ಗರಣೆ:

ನನ್ನದು ಬೇರೆ ಥರದ ಚಾಕು, ಆದರೂ ಹೇಳುತ್ತೇನೆ. ಬೆಂಗಳೂರಿನಲ್ಲಿ ಅಡುಗೆ ಕಂಟ್ರಾಕ್ಟ್ ಮಾಡುತ್ತೇನೆ. ಒಂದು ಮದುವೆಗೆ 40 ಕೆ.ಜಿ. ತರಕಾರಿ ಹೆಚ್ಚುವುದು ಮಾಮೂಲು. ನನ್ನ ಕೈಯೂ ಚಿಕ್ಕದು. ಎಂಟು ಇಂಚಿನ ಚಾಕುವಿನ ಹಿಡಿ ದಪ್ಪ ಅಂತ ಪಕ್ಕದ ವರ್ಕ್‌ಶಾಪಿನಲ್ಲಿ ಗ್ರೈಂಡರ್ ಹಿಡಿಸಿದೆ. ಹತ್ತೇ ನಿಮಿಷ. ಮರ ಸುಟ್ಟ ವಾಸನೆ ಬಂತು. ಹಿಡಿಯ ನಡುವೆ ಹಾದುಹೋಗುವ ಉಕ್ಕು ಕಾದು, ಅಲಗಿನ ಬುಡದಲ್ಲಿ ನೀಲಿ ಬಣ್ಣ ಬಂತು. ಆ ಜಾಗದಲ್ಲಿ ಈಗಲೂ ಹರಿತ ನಿಲ್ಲುವುದಿಲ್ಲ. ನೀಲಿ ಬಂದರೆ ಉಕ್ಕಿನ ಹದ ಹೋಯಿತು ಅಂತಲೇ ಲೆಕ್ಕ.

ಎರಡನೇ ಚಾಕುವನ್ನು ನಾನೇ ಅರ ಹಿಡಿದು ಕೂತು ಮಾಡಿದೆ. ಎರಡು ಪಟ್ಟಿ ಮರ ಇಟ್ಟು ಹಿತ್ತಾಳೆ ರಿವೆಟ್ ಹೊಡೆದ ಹಿಡಿ ಆದರೆ ರಿವೆಟ್ ಮೇಲೆ ಕಣ್ಣಿರಲಿ. ಅದರ ತಲೆ ತೆಳ್ಳಗಿರುತ್ತದೆ. ಜಾಸ್ತಿ ಉಜ್ಜಿದರೆ ತಲೆಯೇ ಹೋಗಿ ಮರ ಎದ್ದುಬರುತ್ತದೆ. ನಾನು ರಿವೆಟ್ ಇರುವ ಕಡೆ ಒಂದು ಮಿ.ಮೀ. ಕೂಡ ತೆಗೆಯಲಿಲ್ಲ. ಹೆಬ್ಬೆರಳು, ತೋರುಬೆರಳು ಚಿವುಟಿ ಹಿಡಿಯುವ ಮುಂದಿನ ಭಾಗ, ಕೆಳಗಿನ ಎರಡು ಅಂಚು, ಇಷ್ಟನ್ನೇ ಇಳಿಸಿದೆ. ಅಷ್ಟಕ್ಕೇ ಬೇರೆ ಚಾಕು ಹಿಡಿದ ಹಾಗಾಯಿತು. ಅಕ್ಕ, ಮೆಷಿನ್ ಮಾತ್ರ ಬೇಡ.


ಬಣ್ಣದಬುಗುರಿ:

ಉಳಿಬಾಚಿ ಅಣ್ಣ ಅರಗಿನ ಮಾತು ಎತ್ತಿದ್ದಕ್ಕೆ ಒಂದು ಎಚ್ಚರಿಕೆ. ನಾನು ಚನ್ನಪಟ್ಟಣದವನು. ಆಲೆ ಮರದ ಬೊಂಬೆಗೆ ಅರಗು ಹಚ್ಚುವುದೇ ನಮ್ಮ ಕೆಲಸ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಅಂದರೆ ಎಷ್ಟು ಸಣ್ಣ ಬಿಸಿಗೆ ಮೆತ್ತಗಾಗುತ್ತದೆ ನೋಡಿ. ನಿಮ್ಮ ಹಿಡಿಯೊಳಗೆ ಅರಗು ಇದ್ದು, ಮೆಷಿನ್ನಿನಿಂದ ಉಜ್ಜಿದರೆ ಬಾಲ ಸಡಿಲ ಆಗುತ್ತದೆ. ಹಿಡಿಯನ್ನು ಕುದಿಯುವ ನೀರಲ್ಲಿ ತೊಳೆಯುವುದು, ಒಲೆಯ ಪಕ್ಕ ಇಡುವುದು ಕೂಡ ಬೇಡ.

ಇನ್ನೊಂದು. ಹಿಡಿಯ ಮೇಲೆ ಅರಗಿನ ಪಾಲಿಶ್ ಹಾಕಿಸುವ ಆಸೆ ಬಂದರೆ ಬಿಟ್ಟುಬಿಡಿ. ನಾವು ಕೇದಗೆ ಎಲೆ ಹಿಡಿದು ಕನ್ನಡಿ ಹಾಗೆ ಹೊಳಪು ತರುತ್ತೇವೆ. ಬೊಂಬೆಗೆ ಅದು ಚಂದ. ಬೆವರಿದ ಕೈಯಲ್ಲಿ ಕತ್ತಿ ಬೀಸುವವರಿಗೆ ಜಾರುತ್ತದೆ.


ಸೊಪ್ಪಿನಬೆಟ್ಟ:

ಎಲ್ಲರಿಗೂ ತುಂಬ ಧನ್ಯವಾದ. ಉಳಿಬಾಚಿ ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ.

ಹಿಂದಿನ ತುದಿಯಲ್ಲಿ ಕಬ್ಬಿಣ ಕಾಣುವುದಿಲ್ಲ. ಬರೀ ಮರ, ನಡುವೆ ಒಂದು ಕೂದಲೆಳೆ ಬಿರುಕು. ಮಗಳ ಹಳೇ ಬ್ಯಾಗಿನ ಗುಂಡಿಯಿಂದ ಮ್ಯಾಗ್ನೆಟ್ ತೆಗೆದು ನೂಲಿಗೆ ಕಟ್ಟಿದೆ. ಬಳೆಯಿಂದ 8 ಸೆಂ.ಮೀ.ವರೆಗೆ ವಾಲುತ್ತದೆ, ಆಮೇಲೆ ಇಲ್ಲ. ಬಲಗಡೆ ಸ್ವಲ್ಪ ಜಾಸ್ತಿ ವಾಲುತ್ತದೆ. ಹಿಡಿಯ ಉದ್ದ ಬಳೆ ಬಿಟ್ಟು 13 ಸೆಂ.ಮೀ.

ಕೋಲು ನಾಲ್ಕು ತಂದೆ. ಮೂರನೆಯದು ಕೈಗೆ ಕೂತಿತು. ಹಿಡಿದ ಕೂಡಲೇ ಭುಜ ಕೆಳಗಿಳಿಯಿತು. ಇಷ್ಟು ದಿನ ಭುಜ ಎತ್ತಿಕೊಂಡೇ ಕಡಿಯುತ್ತಿದ್ದೆ ಅಂತ ಆಗಲೇ ಗೊತ್ತಾಗಿದ್ದು. ಅದರ ಸುತ್ತಳತೆ 10.4 ಸೆಂ.ಮೀ. ತಗ್ಗಿನ ಆಳ 5 ಮಿ.ಮೀ.


ಉಳಿಬಾಚಿ:

ಒಳ್ಳೆಯ ಸುದ್ದಿ. ಅಮ್ಮಾ, ಆ ತಗ್ಗೇ ನಿಮ್ಮ ಅಳತೆಗೋಲು.

ನೋಡಿ, ಸುತ್ತಳತೆ 13 ಅಂದರೆ ದಪ್ಪ ಸುಮಾರು 41 ಮಿ.ಮೀ. ನಿಮಗೆ ಬೇಕಾದ್ದು 10.4. ಅದನ್ನು ಮತ್ತೆ ಗುಂಡಗೆ ಮಾಡಬೇಡಿ. ಮೊಟ್ಟೆಯ ಹಾಗೆ ಮಾಡಿ. ಮೇಲಿಂದ ಕೆಳಕ್ಕೆ 36 ಮಿ.ಮೀ., ಎಡದಿಂದ ಬಲಕ್ಕೆ 30 ಮಿ.ಮೀ. ಆಗ ಸುತ್ತಳತೆ ಹೆಚ್ಚುಕಡಿಮೆ 10.4 ಬರುತ್ತದೆ. ಮೊಟ್ಟೆಯಾಕಾರದ ಹಿಡಿ ಕೈಯಲ್ಲಿ ತಿರುಗುವುದಿಲ್ಲ. ಬಾಯಿ ಯಾವ ಕಡೆ ಇದೆ ಅಂತ ಕತ್ತಲಲ್ಲೂ ಕೈಗೆ ಗೊತ್ತಾಗುತ್ತದೆ.

ಎಡಗಡೆಯಿಂದ ತೆಗೆಯಬೇಕಾದ್ದು 5 ಮಿ.ಮೀ. ನಿಮ್ಮ ಮಾವನ ಹೆಬ್ಬೆರಳು ಅಷ್ಟೇ ಆಳಕ್ಕೆ ಮೊದಲೇ ಹೋಗಿ ಕೂತಿದೆ! ತಗ್ಗಿನ ತಳವನ್ನು ಮುಟ್ಟಬೇಡಿ. ಅದರ ಸುತ್ತಲಿನ ಮರವನ್ನು ಆ ತಳದ ಮಟ್ಟಕ್ಕೆ ಇಳಿಸುತ್ತಾ ಬನ್ನಿ. ಎಲ್ಲ ಸಮ ಆದಾಗ ನಿಲ್ಲಿಸಿ. ತಗ್ಗು ಹೋಗುತ್ತದೆ, ಆದರೆ ಅವರು ಸವೆಸಿದ ಆ ಕಪ್ಪು ಮೈ ಹಾಗೇ ಉಳಿಯುತ್ತದೆ. ಬಲಗಡೆ 6, ಕೆಳಗೆ 3, ಮೇಲೆ 2 ಮಿ.ಮೀ. ತೆಗೆಯಿರಿ. ಬಾಲ ಬಲಕ್ಕೆ ಸರಿದಿದ್ದರೂ ಹೆದರಬೇಡಿ. ಇಂಥ ಕತ್ತಿಯ ಬಾಲ ನಾಲ್ಕೈದು ಮಿ.ಮೀ. ದಪ್ಪ ಇರುತ್ತದೆ. ಒಂದೆರಡು ಮಿ.ಮೀ. ಸರಿದಿದೆ ಅಂದುಕೊಂಡರೂ ಆ ಕಡೆ ಒಂದು ಸೆಂ.ಮೀ. ಮರ ಉಳಿಯುತ್ತದೆ.

ಕೈ ಹಾಕಬಾರದ ಜಾಗ ಮೂರು. ಬಳೆಯಿಂದ ಒಂದು ಬೆರಳಿನಷ್ಟು ಹಾಗೇ ಬಿಡಿ. ಅಲ್ಲಿಂದ ಇಳಿಜಾರಾಗಿ ಶುರು ಮಾಡಿ, ಇಲ್ಲದಿದ್ದರೆ ಬಳೆಗೆ ಹಿಡಿತ ಸಿಗುವುದಿಲ್ಲ. ಹಿಂದಿನ ತುದಿಯ ಉಬ್ಬು ಉಳಿಯಲೇಬೇಕು. ಬೀಸುವಾಗ ಕತ್ತಿ ಕೈಯಿಂದ ಹಾರದಂತೆ ಕಿರುಬೆರಳು ತಡೆಯುವುದು ಅಲ್ಲೇ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಬಾಲ ಮುಗಿಯುವ 8 ಸೆಂ.ಮೀ. ಗೆರೆ ಇದೆಯಲ್ಲ, ಹಿಡಿ ಮುರಿಯುವುದು ಹೆಚ್ಚಾಗಿ ಅಲ್ಲೇ. ಅಲ್ಲಿಯವರೆಗೆ ಕಬ್ಬಿಣದ ಬಲ ಇರುತ್ತದೆ, ಆಮೇಲೆ ಮರ ಒಂದೇ. ಸೊಂಟದ ಹಾಗೆ ಅಲ್ಲಿ ಸಣ್ಣ ಮಾಡಿದರೆ ಚಂದ ಕಾಣುತ್ತದೆ, ಒಂದು ದಿನ ಪಟ್ ಅನ್ನುತ್ತದೆ. ಆ ಜಾಗದಲ್ಲಿ ಉಳಿದ ಕಡೆಗಿಂತ ಒಂದು ಮಿ.ಮೀ. ಜಾಸ್ತಿ ದಪ್ಪವೇ ಇರಲಿ.

ಸಾಮಾನು ಜಾಸ್ತಿ ಬೇಡ. ಒಂದು ಮರದ ಅರ, ಒಂದು ಕಡೆ ಚಪ್ಪಟೆ ಇನ್ನೊಂದು ಕಡೆ ಉಬ್ಬು ಇರುವುದು. ಪಾಲಿಶ್ ಪೇಪರ್ 80, 120, 220 ನಂಬರಿನದ್ದು. ಅಲಗಿಗೆ ನೆನೆಸಿದ ಅಡಿಕೆ ಹಾಳೆ ಎರಡು ಸುತ್ತು ಸುತ್ತಿ ಹಗ್ಗದಿಂದ ಬಿಗಿಯಿರಿ. ಹಾಳೆ ಒಣಗಿದ ಮೇಲೆ ಗಟ್ಟಿ ಚಿಪ್ಪಿನ ಹಾಗಾಗುತ್ತದೆ. ಅಲಗನ್ನು ಬೆಂಚಿಗೆ ಕ್ಲಾಂಪ್ ಹಾಕಿ ಹಿಡಿ ಮಾತ್ರ ಹೊರಗೆ ಚಾಚಿರಲಿ. ತೊಡೆ ನಡುವೆ ಇಟ್ಟುಕೊಂಡು ಮಾಡಬೇಡಿ.

ಮೊದಲು ಮೇಲೆ, ಕೆಳಗೆ ನಡುಗೆರೆ ಎಳೆಯಿರಿ. ಎಡ ಬಲ ಎರಡು ಕಡೆ ಚಪ್ಪಟೆ ಮಾಡಿ. ಆಮೇಲೆ ಮೇಲೆ ಕೆಳಗೆ. ಆಗ ನಾಲ್ಕು ಮೂಲೆ ಬರುತ್ತದೆ. ಆ ಮೂಲೆಗಳನ್ನು ಹೊಡೆದರೆ ಎಂಟು ಮುಖ. ಎಂಟು ಮುಖ ಬರುವವರೆಗೆ ಗುಂಡಗೆ ಮಾಡಲು ಕೈ ಹೋಗಬಾರದು. ಶುರುವಿನಲ್ಲೇ ಗುಂಡಗೆ ಉಜ್ಜಿದರೆ ಎಷ್ಟು ತೆಗೆದಿರಿ ಅಂತ ಲೆಕ್ಕ ತಪ್ಪುತ್ತದೆ. ಪ್ರತಿ ಹತ್ತು ನಿಮಿಷಕ್ಕೆ ಬಿಚ್ಚಿ, ಹಾಳೆ ಸುತ್ತಿದ ಹಾಗೇ ಕೈಯಲ್ಲಿ ಹಿಡಿದು ನೋಡಿ. ಬೀಟೆ ಪುಡಿ ಕೆಲವರ ಮೈಗೆ ಆಗುವುದಿಲ್ಲ, ತುರಿಕೆ, ಸೀನು ಬರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

220 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಡಿ. ಮರದ ನಾರು ಮುಳ್ಳಿನ ಹಾಗೆ ಏಳುತ್ತದೆ. ಅದನ್ನು ಮತ್ತೆ 220ರಲ್ಲಿ ಹಗುರ ಉಜ್ಜಿ. ಇನ್ನೂ ನುಣುಪು ಬೇಡ, ಅಂಗೈಗೆ ಹಿಡಿತ ಬೇಕು. ಬಿರುಕಿಗೆ ಅರಾಲ್ಡೈಟ್ ಅಂಟು ತುಂಬಿ, ಒಂದು ದಿನ ಒಣಗಿಸಿ.

ಆಮೇಲೆ ಅಗಸೆ ಎಣ್ಣೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಎಂದಿಗೂ ಒಣಗುವುದಿಲ್ಲ, ಜಿಡ್ಡಾಗೇ ಇರುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ. ಹಿಂದಿನದು ಒಣಗಿದ ಮೇಲೆ ಮತ್ತೊಂದು. ಮೂರು ಸಲ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹುಲ್ಲಿನ ಹತ್ತಿರ ಬಿಸಾಡಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಅಂಗಳದ ತಂತಿಯ ಮೇಲೆ ಬಿಡಿಸಿ ಒಣಗಿಸಿ, ಆಮೇಲೆ ಎಸೆಯಿರಿ.


ಹಳೇಮನೆ:

ತಗ್ಗಿನ ತಳದ ಮಟ್ಟಕ್ಕೆ ಇಳಿಸುವುದು ನನಗೆ ಹೊಳೆದಿರಲಿಲ್ಲ. ಹೀಗೆ ಮಾಡುವುದಾದರೆ ನನ್ನ ಅಡ್ಡಿ ಇಲ್ಲ ಅಕ್ಕ. ಆದಮೇಲೆ ಹೇಗೆ ಬಂತು ಅಂತ ಮರೆಯದೆ ಬರೆಯಿರಿ.


ಸೊಪ್ಪಿನಬೆಟ್ಟ:

ಮೂರು ವಾರ ಆಯಿತು. ಅಡಿಕೆ ಸುಲಿಯುವ ಕೆಲಸದ ನಡುವೆ ಸಂಜೆ ಸಂಜೆ ಕೂತು ಮಾಡಿದ್ದು.

ಮೊದಲ ದಿನ ಅರ ಹಿಡಿದು ಕಾಲು ಗಂಟೆ ಸುಮ್ನೆ ಕೂತಿದ್ದೆ. ಮೊದಲ ಎಳೆತ ಬಲಗಡೆ ಹಾಕಿದೆ, ತಗ್ಗಿನ ಕಡೆ ಧೈರ್ಯ ಬರಲಿಲ್ಲ. ಮೇಲಿನ ಕಪ್ಪು ಪದರ ಹೋದ ಕೂಡಲೇ ಒಳಗಿಂದ ಮರ ಕಂಡಿತು. ನೇರಳೆ ಬಣ್ಣ, ನಡುವೆ ಕಪ್ಪು ಗೆರೆ. ಹೊಸದಾಗಿ ಕೊಯ್ದ ಹಾಗಿತ್ತು. ಪರಿಮಳವೂ ಬಂತು. ಅಷ್ಟು ವರ್ಷದ ಬೆವರು, ಮಳೆ, ಸಗಣಿ ಎಲ್ಲದರ ಅಡಿಯಲ್ಲಿ ಮರಕ್ಕೆ ಇನ್ನೂ ಅದರದೇ ವಾಸನೆ ಇತ್ತು. ಯಜಮಾನರು ಒಳಗಿದ್ದವರು ವಾಸನೆಗೆ ಹೊರಗೆ ಬಂದರು. ಏನೂ ಹೇಳಲಿಲ್ಲ. ಮರುದಿನ ಬೆಂಚು ಅಲ್ಲಾಡದ ಹಾಗೆ ಕಾಲಿಗೆ ಕಲ್ಲು ಕೊಟ್ಟು ಇಟ್ಟಿದ್ದರು.

ಎಂಟು ಮುಖ ಬರುವವರೆಗೆ ಕಾಯುವುದು ಕಷ್ಟವಾಯಿತು. ಕೈಗೆ ಮೂಲೆ ಚುಚ್ಚುತ್ತದಲ್ಲ, ಉಜ್ಜಿಬಿಡೋಣ ಅನಿಸುತ್ತದೆ. ನಿಮ್ಮ ಮಾತು ನೆನಪಿಟ್ಟುಕೊಂಡೆ. ಬಲಗಡೆ ಒಂದು ಸಂಜೆ, ಮೇಲೆ ಕೆಳಗೆ ಒಂದು ಸಂಜೆ. ಎಡಗಡೆಗೆ ಎರಡು ಸಂಜೆ ಹಿಡಿಯಿತು. ತಗ್ಗಿನ ಮೇಲೆ ಅಂಟು ಟೇಪು ಹಚ್ಚಿದ್ದೆ, ಅರ ತಾಗಿದರೆ ಟೇಪು ಹರಿಯುತ್ತದೆ, ಗೊತ್ತಾಗಲಿ ಅಂತ. ಸುತ್ತಲಿನ ಮರ ಇಳಿಯುತ್ತಾ ಇಳಿಯುತ್ತಾ ತಗ್ಗು ಚಿಕ್ಕದಾಗುತ್ತಾ ಬಂತು. ಮೊದಲು ಇಡೀ ಹೆಬ್ಬೆರಳು ಕೂರುತ್ತಿತ್ತು. ಆಮೇಲೆ ಉಗುರಿನಷ್ಟು. ಕೊನೆಗೆ ಕೈಯಾಡಿಸಿದರೆ ತಗ್ಗೇ ಇಲ್ಲ, ಕಣ್ಣಿಗೆ ಮಾತ್ರ ಒಂದು ಕಪ್ಪು ಗುರುತು.

ಒಂದು ತಪ್ಪು ಆಗುವುದರಲ್ಲಿತ್ತು. ಪೇಪರನ್ನು ಪಟ್ಟಿ ಹರಿದು, ಎರಡು ಕೈಯಲ್ಲಿ ಮೇಲೆ ಕೆಳಗೆ ಎಳೆದು ಉಜ್ಜಿದೆ, ಬೂಟು ಪಾಲಿಶ್ ಮಾಡುವ ಹಾಗೆ. ಬೇಗ ಆಗುತ್ತದೆ. ಆದರೆ ಎರಡೇ ನಿಮಿಷಕ್ಕೆ ಮೊಟ್ಟೆಯಾಕಾರ ಹೋಗಿ ಗುಂಡಗಾಗುತ್ತಾ ಬಂತು. ಟೇಪಿನ ಅಂಚೂ ಎದ್ದಿತು. ತಕ್ಷಣ ನಿಲ್ಲಿಸಿದೆ. ಆಮೇಲೆ ಪೇಪರನ್ನು ರಬ್ಬರ್ ಚಪ್ಪಲಿಯ ತುಂಡಿಗೆ ಸುತ್ತಿ ಉದ್ದಕ್ಕೇ ಉಜ್ಜಿದೆ. ಇದನ್ನು ಮಾಡಲು ಹೊರಟವರು ಈ ಮಾತು ನೆನಪಿಡಿ.

ಒದ್ದೆ ಬಟ್ಟೆ ಹಾಕಿದ ಮೇಲೆ ನಿಜವಾಗಿಯೂ ನಾರು ಎದ್ದು ಕೈಗೆ ಗರಗರ ಅಂದಿತು. ಒಂದು ಸಲ ಉಜ್ಜಿದ ಮೇಲೆ ಹೋಯಿತು. ಈಗ ಅಗಸೆ ಎಣ್ಣೆ ಮೂರು ಸಲ ಆಗಿದೆ. ಬಳೆ ಅಲುಗಿಲ್ಲ. ನೂಲು ಸುತ್ತಿದರೆ 10.5 ಬರುತ್ತದೆ, ಬಾಲ ಮುಗಿಯುವ ಕಡೆ 10.8. ಹಲ್ಲು ಬಿದ್ದಿದ್ದ ಅಲಗನ್ನು ಯಜಮಾನರೇ ಮಸೆದು ಕೊಟ್ಟರು.

ನೋಡಲು ಈಗ ಹೇಗಿದೆ ಅಂದರೆ, ಹಿಡಿಯೆಲ್ಲ ಎಣ್ಣೆ ಕುಡಿದು ಕಂದು ನೇರಳೆ. ಎಡಗಡೆ ಎಂಟಾಣೆ ನಾಣ್ಯದಷ್ಟು ಒಂದು ಕಪ್ಪು ಚುಕ್ಕೆ. ಅಲ್ಲಿ ಎಣ್ಣೆ ಕೂಡ ಹೀರಲಿಲ್ಲ, ಅಷ್ಟು ಗಟ್ಟಿಯಾಗಿದೆ ಆ ಮೈ. ನನ್ನ ಕೈ ಚಿಕ್ಕದಾದ್ದರಿಂದ ನನ್ನ ಹೆಬ್ಬೆರಳು ಅದಕ್ಕಿಂತ ಸ್ವಲ್ಪ ಹಿಂದೆ ಕೂರುತ್ತದೆ. ಬೆರಳ ತುದಿ ಮಾತ್ರ ಆ ಚುಕ್ಕೆಯ ಅಂಚಿಗೆ ತಾಗುತ್ತದೆ. ಬೀಸುವ ಮೊದಲು ಅದು ತಾಗಿದೆಯಾ ಅಂತ ನೋಡಿಕೊಳ್ಳುತ್ತೇನೆ. ತಾಗಿದರೆ ಅಲಗಿನ ಬಾಯಿ ನೇರ ಇದೆ ಅಂತ ಲೆಕ್ಕ.

ಮೊನ್ನೆ ಸೊಪ್ಪಿಗೆ ಹೋಗಿದ್ದೆ. ನಾಲ್ಕು ಹೊರೆ ಕಡಿದೆ. ಮೊದಲಾದರೆ ಎರಡನೇ ಹೊರೆಗೇ ಕೈ ಸೋಲುತ್ತಿತ್ತು. ದಾರಿಯಲ್ಲಿ ಬಾಳೆ ದಿಂಡು ಎರಡು ಕಡಿದೆ, ಹಿಡಿ ಒಂದು ಸಲವೂ ತಿರುಗಲಿಲ್ಲ. ಸಂಜೆ ಎರಡೂ ಹಸುವಿನ ಹಾಲು ನಾನೇ ಕರೆದೆ.

ಒಗ್ಗರಣೆ ಅಕ್ಕ, ಮೆಷಿನ್ ಬೇಡ ಅಂದಿದ್ದು ಒಳ್ಳೆಯದಾಯಿತು. ಎಡಗಡೆಯ ಆ ಎರಡು ಸಂಜೆಯ ಕೆಲಸ ಮೆಷಿನ್ನಿಗೆ ಎರಡು ನಿಮಿಷ, ಆದರೆ ಆ ಚುಕ್ಕೆ ಉಳಿಯುತ್ತಿರಲಿಲ್ಲ. ಬಣ್ಣದಬುಗುರಿ ಅಣ್ಣ, ಬಳೆಯ ಅಂಚಿನಲ್ಲಿ ಕೆಂಪು ಕಂದಿನ ಒಂದು ಹರಳು ಕಂಡಿತು. ಉಗುರಿಗೆ ಗಾಜಿನ ಹಾಗೆ ಹತ್ತಿತು. ಅರಗೇ ಇರಬೇಕು ಅಲ್ವಾ?

ಉಳಿಬಾಚಿ ಅಣ್ಣ, ಒಂದು ಕೊನೆಯ ಪ್ರಶ್ನೆ. ಮಳೆಗಾಲದಲ್ಲಿ ಇದನ್ನು ಹೇಗೆ ನೋಡಿಕೊಳ್ಳಲಿ?


ಬಣ್ಣದಬುಗುರಿ:

ಅರಗೇ ಅಕ್ಕ, ಅನುಮಾನ ಇಲ್ಲ. ಅದನ್ನು ಕೆರೆಯಬೇಡಿ, ಅಲ್ಲೇ ಇರಲಿ.


ಉಳಿಬಾಚಿ:

ಅಮ್ಮಾ, ಓದಿ ಬಹಳ ಸಂತೋಷವಾಯಿತು. ಚಪ್ಪಲಿ ತುಂಡಿನ ಉಪಾಯ ನಾನೂ ಇಟ್ಟುಕೊಳ್ಳುತ್ತೇನೆ.

ಮೇ ಕೊನೆಯಲ್ಲಿ ಇನ್ನೊಂದು ಕೈ ಅಗಸೆ ಎಣ್ಣೆ ಹಚ್ಚಿ. ಎಣ್ಣೆಯ ನಾಲ್ಕನೇ ಒಂದು ಭಾಗ ಜೇನುಮೇಣ ಕರಗಿಸಿ ಸೇರಿಸಿದರೆ ನೀರು ನಿಲ್ಲುವುದಿಲ್ಲ. ಬೆಂಕಿಯ ಮೇಲೆ ನೇರ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲು ಇಟ್ಟು ಕರಗಿಸಿ, ತಣಿದ ಮೇಲೆ ಹಿಡಿಗೆ ಹಚ್ಚಿ. ಬೆಟ್ಟದಿಂದ ಬಂದ ಮೇಲೆ ಒರೆಸಿ ಗಾಳಿಯಾಡುವ ಕಡೆ ನೇತುಹಾಕಿ. ಹೊಗೆ ಅಟ್ಟದ ಹತ್ತಿರ ಬೇಡ, ಅಲ್ಲಿನ ಬಿಸಿಗೆ ಅರಗು ಮೆತ್ತಗಾದೀತು. ಬೇಸಿಗೆಯಲ್ಲಿ ಮರ ಒಣಗಿ ಬಳೆ ಸ್ವಲ್ಪ ಅಲುಗಿದರೆ ಹೆದರಬೇಡಿ, ಬಡಿಯಲೂ ಹೋಗಬೇಡಿ. ಇಲ್ಲಿ ಬರೆಯಿರಿ.